ಹಳೆ ಪತ್ರಿಕೆಯ ಮುಖಪುಟ ಓದುವುದು ಹೇಗೆ?

ಹಳೆ ಪತ್ರಿಕೆಯಲ್ಲಿ ಮೊದಲು ಕಳೆದುಹೋಗುವುದು ಮುಖಪುಟ. ಒಳಗಿನ ಕಥೆ, ಧಾರಾವಾಹಿ ಹೇಗೋ ಉಳಿದುಕೊಳ್ಳುತ್ತವೆ. ಉಡುಪಿ, ಮಂಗಳೂರು ಕಡೆಯ ಹಳೆ ಮನೆಗಳಲ್ಲಿ ಕೇಳಿ ನೋಡಿ. ವಾರವಾರದ ಧಾರಾವಾಹಿಯ ಹಾಳೆಗಳನ್ನು ಜೋಪಾನವಾಗಿ ಬಿಡಿಸಿ, ಹೊಲಿದು, ರಟ್ಟು ಹಾಕಿಸಿದ ಪುಸ್ತಕ ಒಂದಾದರೂ ಸಿಗುತ್ತದೆ. ಆ ಕಾದಂಬರಿ ಪೂರ್ತಿ ಇರುತ್ತದೆ. ಅದು ಬಂದ ಸಂಚಿಕೆಗಳ ಮುಖಪುಟ ಒಂದೂ ಇರುವುದಿಲ್ಲ.

ಲೈಬ್ರರಿಗಳಲ್ಲೂ ಇದೇ ಕಥೆ. ವರ್ಷದ ಸಂಚಿಕೆಗಳನ್ನು ಬೈಂಡ್ ಮಾಡುವಾಗ ಎಷ್ಟೋ ಕಡೆ ಮುಖಪುಟವನ್ನೂ ಜಾಹೀರಾತಿನ ಹಾಳೆಗಳನ್ನೂ ಕಿತ್ತು ಬದಿಗಿಡುತ್ತಿದ್ದರು. ಆ ಕಾಗದ ದಪ್ಪ, ಸಂಪುಟ ಊದಿಕೊಳ್ಳುತ್ತದೆ ಎಂಬ ಕಾರಣ. ಮನೆಯಲ್ಲಿ ಉಳಿದ ಮುಖಪುಟಗಳಿಗೆ ಬೇರೆ ಉಪಯೋಗವಿತ್ತು. ಗಟ್ಟಿ ಕಾಗದ ಅಲ್ವಾ, ಜೂನ್ ತಿಂಗಳಲ್ಲಿ ಶಾಲೆ ಪುಸ್ತಕಕ್ಕೆ ಬೈಂಡ್ ಹಾಕಲು ಹೇಳಿ ಮಾಡಿಸಿದಂತಿತ್ತು. ದೀಪಾವಳಿ ವಿಶೇಷಾಂಕದ ಮೇಲೆ ಲಕ್ಷ್ಮಿಯೋ ಕೃಷ್ಣನೋ ಇದ್ದರೆ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವರೂ ಇದ್ದಾರೆ.

ಹಾಗಾಗಿ ಕಲಾವಿದರು ಕೈಯಿಂದ ಬರೆದ ಚಿತ್ರದ ಮುಖಪುಟ ಇರುವ ಪೂರ್ತಿ ಸಂಚಿಕೆ ಸಿಗುವುದು ನಿಜಕ್ಕೂ ಅಪರೂಪ. ಈಚೆಗೆ ಇಂಥವನ್ನು ಕೂಡಿಡುವ ಹವ್ಯಾಸ ಹಲವರಿಗೆ ಹಿಡಿದಿದೆ. ಒಳ್ಳೆಯದೇ. ಆದರೆ ಬಹಳ ಜನ ಚಿತ್ರ ಚೆನ್ನಾಗಿದೆಯಾ ಅಂತ ಮಾತ್ರ ನೋಡುತ್ತಾರೆ. ಮುಖಪುಟ ಅಂದರೆ ಚಿತ್ರವಲ್ಲ, ಚಿತ್ರದ ಅಚ್ಚು. ಅದು ಯಾವ ಯಂತ್ರದಲ್ಲಿ, ಯಾವ ವರ್ಷ, ಯಾರ ಕೈಯಿಂದ ಬಂತು ಅನ್ನುವುದನ್ನು ಆ ಕಾಗದವೇ ಹೇಳುತ್ತದೆ. ಅದನ್ನು ಓದಲು ಕಲಿತರೆ ಮಾತ್ರ ಸಂಗ್ರಹಕ್ಕೆ ಅರ್ಥ. ಓದಲು ಪೂರ್ತಿ ಸಂಚಿಕೆ ಬೇಕು. ಮುಖಪುಟ ಒಂದನ್ನೇ ಕಿತ್ತು ಆಲ್ಬಂನಲ್ಲಿ ಹಾಕಿಟ್ಟರೆ ಅರ್ಧ ಮಾಹಿತಿ ಕಸಕ್ಕೆ ಹೋಯಿತು ಅಂತಲೇ ಲೆಕ್ಕ.

ಚಿತ್ರವೇ ಯಾಕೆ, ಫೋಟೊ ಯಾಕಲ್ಲ?

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂದದ್ದು 1843ರ ಜುಲೈ 1ರಂದು, ಮಂಗಳೂರಿನಲ್ಲಿ, ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ. ಅದು ಕಲ್ಲಚ್ಚಿನಲ್ಲಿ ಮುದ್ರಣವಾಯಿತು. ನುಣುಪಾದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಕಲ್ಲು ಒದ್ದೆ ಮಾಡಿ, ಮೇಲೆ ಶಾಯಿ ಉರುಳಿಸುತ್ತಾರೆ. ಜಿಡ್ಡಿರುವಲ್ಲಿ ಶಾಯಿ ಹಿಡಿಯುತ್ತದೆ, ನೀರಿರುವಲ್ಲಿ ಹಿಡಿಯುವುದಿಲ್ಲ. ಈ ವಿಧಾನದಲ್ಲಿ ಅಕ್ಷರವೂ ಒಂದೇ, ಚಿತ್ರವೂ ಒಂದೇ. ಕೈಯಿಂದ ಬರೆಯಲು ಬಂದದ್ದೆಲ್ಲ ಅಚ್ಚಾಗುತ್ತದೆ. ಮುಂದೆ ಬಣ್ಣದ ಕಲ್ಲಚ್ಚಿನಿಂದಲೇ ರವಿವರ್ಮನ ದೇವರ ಪಟಗಳು ಮನೆಮನೆಗೆ ಬಂದವು.

ವಾರಪತ್ರಿಕೆ, ಮಾಸಪತ್ರಿಕೆಗಳ ಕಾಲಕ್ಕೆ ಬಂದಾಗ ಕೆಲಸ ನಡೆಯುತ್ತಿದ್ದದ್ದು ಸೀಸದ ಅಚ್ಚುಮೊಳೆ ಜೋಡಿಸುವ ಲೆಟರ್‌ಪ್ರೆಸ್‌ನಲ್ಲಿ. ಅಲ್ಲಿ ಚಿತ್ರಕ್ಕೆ ಬ್ಲಾಕ್ ಬೇಕು. ಸತುವಿನ ತಗಡಿನ ಮೇಲೆ ಚಿತ್ರವನ್ನು ಫೋಟೊ ಮೂಲಕ ಇಳಿಸಿ, ಬೇಡದ ಜಾಗವನ್ನು ಆಸಿಡ್‌ನಿಂದ ತಿನ್ನಿಸಿ, ಉಬ್ಬಿ ನಿಂತ ಭಾಗಕ್ಕೆ ಶಾಯಿ ಹಚ್ಚುತ್ತಿದ್ದರು. ಬರೀ ಗೆರೆಯ ಚಿತ್ರಕ್ಕೆ ಲೈನ್ ಬ್ಲಾಕ್. ನೆರಳು ಬೆಳಕು ಇರುವ ಚಿತ್ರಕ್ಕೆ, ಫೋಟೊಕ್ಕೆ ಹಾಫ್‌ಟೋನ್ ಬ್ಲಾಕ್. ಅಂದರೆ ಇಡೀ ಚಿತ್ರವನ್ನು ಸಣ್ಣ ದೊಡ್ಡ ಚುಕ್ಕೆಗಳಾಗಿ ಒಡೆಯುವುದು.

ತೊಡಕು ಇಲ್ಲೇ ಇತ್ತು. ಒರಟು ಕಾಗದದ ಮೇಲೆ ಸೂಕ್ಷ್ಮ ಚುಕ್ಕೆ ನಿಲ್ಲುವುದಿಲ್ಲ, ಶಾಯಿ ಹರಡಿ ಮಸಿಯಾಗುತ್ತದೆ. ಅದಕ್ಕೇ ಸಾಮಾನ್ಯ ಕಾಗದಕ್ಕೆ ಇಂಚಿಗೆ 65ರಿಂದ 85 ಸಾಲು ಚುಕ್ಕೆ ಮಾತ್ರ. ನುಣುಪು ಆರ್ಟ್ ಪೇಪರಿಗಾದರೆ 133, 150ರ ತನಕ ಹೋಗಬಹುದು. ಬಣ್ಣದ ಫೋಟೊ ಹಾಕಬೇಕಾದರೆ ನಾಲ್ಕು ಬ್ಲಾಕ್, ನಾಲ್ಕು ಸಲ ಅಚ್ಚು, ಒಳ್ಳೆ ಕಾಗದ. ಖರ್ಚು ಯಾರು ಕೊಡಬೇಕು? ಕಲಾವಿದನಿಗೆ ಹೇಳಿದರೆ ಎರಡೇ ಶಾಯಿಯಲ್ಲಿ ಕೆಲಸ ಮುಗಿಸುತ್ತಿದ್ದ. ಕಪ್ಪು ಗೆರೆ ಒಂದು ಬ್ಲಾಕ್, ಕೆಂಪು ಒಂದು ಬ್ಲಾಕ್. ಮೂರನೆಯದು ಬೇಕೆಂದರೆ ಒಂದರ ಮೇಲೊಂದು ಹೊಡೆಸಿದರಾಯಿತು. ಹಳದಿ ಮೇಲೆ ನೀಲಿ ಬಿದ್ದಲ್ಲಿ ಹಸಿರು ಪುಕ್ಕಟೆ. ನಾವು ಈಗ 'ಎಂಥ ದಿಟ್ಟ ಶೈಲಿ' ಅಂತ ಮೆಚ್ಚುವ ಚಪ್ಪಟೆ ಬಣ್ಣ, ದಪ್ಪ ಗೆರೆಗಳಲ್ಲಿ ಕಲೆ ಎಷ್ಟೋ, ಪ್ರೆಸ್ಸಿನ ಬಜೆಟ್ಟೂ ಅಷ್ಟೇ ಇದೆ.

ಇದು ನಮ್ಮೊಬ್ಬರ ಕಥೆಯಲ್ಲ. ಅಮೆರಿಕದ 'ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್' ವಾರಪತ್ರಿಕೆಗೆ ನಾರ್ಮನ್ ರಾಕ್‌ವೆಲ್ 1916ರಿಂದ 1963ರ ತನಕ 300ಕ್ಕೂ ಹೆಚ್ಚು ಮುಖಪುಟ ಬರೆದರು. ಅಲ್ಲೂ ಕೊನೆಗೆ ಫೋಟೊ ಬಂದು ಕೂತಿತು. ನಮ್ಮಲ್ಲಿ ಅದೇ ಬದಲಾವಣೆ ಸ್ವಲ್ಪ ತಡವಾಗಿ ಆಯಿತು. ಮಣಿಪಾಲದಿಂದ 'ತರಂಗ' ಶುರುವಾದದ್ದು 1983ರಲ್ಲಿ. ಅಷ್ಟರಲ್ಲಿ ಆಫ್‌ಸೆಟ್ ಮುದ್ರಣ (ತಗಡಿನಿಂದ ರಬ್ಬರಿಗೆ, ಅಲ್ಲಿಂದ ಕಾಗದಕ್ಕೆ ಶಾಯಿ ಇಳಿಸುವ ವಿಧಾನ) ಬಂದು ಬಣ್ಣದ ಫೋಟೊ ಸಲೀಸಾಗಿತ್ತು. ಆಮೇಲೆ ಕನ್ನಡ ಪತ್ರಿಕೆಗಳಲ್ಲಿ ಬರೆದ ಮುಖಪುಟ ಹೆಚ್ಚಾಗಿ ಕಂಡದ್ದು ವಿಶೇಷಾಂಕಗಳಲ್ಲಿ, ಮಕ್ಕಳ ಪತ್ರಿಕೆಗಳಲ್ಲಿ.

ಹೆಸರು ಹೇಳಲೇಬೇಕಾದ ಕೆಲವು ಪತ್ರಿಕೆಗಳಿವೆ. ಡಾ. ಎಂ. ಶಿವರಾಂ, ಅಂದರೆ 'ರಾಶಿ', 1942ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ನಗೆಪತ್ರಿಕೆ 'ಕೊರವಂಜಿ'. ಆರ್.ಕೆ. ಲಕ್ಷ್ಮಣ್ ಹೆಸರಾಗುವ ಮೊದಲೇ ಇದಕ್ಕೆ ಚಿತ್ರ ಬರೆದಿದ್ದರು. ಸಂಗ್ರಹಕಾರರು ಇದನ್ನು ಬಿಡುವುದಿಲ್ಲ. 1965ರಲ್ಲಿ ಬಂದ 'ಸುಧಾ', 1968ರಲ್ಲಿ ಬಂದ 'ಮಯೂರ' ಕೂಡ ಪಟ್ಟಿಯಲ್ಲಿವೆ. ಇವೆರಡನ್ನು ತರುವ ಪ್ರಜಾವಾಣಿ ಬಳಗದಲ್ಲಿ ಚಿತ್ರ ಬರೆಯುತ್ತಿದ್ದ ಚಂದ್ರನಾಥ ಆಚಾರ್ಯ ನಮ್ಮ ಪುತ್ತೂರಿನವರು. ಹಾಗೆಯೇ ಮಂಗಳೂರಿನಿಂದ 1938ರಿಂದ ಬರುತ್ತಿರುವ ಕೊಂಕಣಿ ವಾರಪತ್ರಿಕೆ 'ರಾಕ್ಣೊ' ಇದೆ. ಕನ್ನಡ ಲಿಪಿಯಲ್ಲೇ ಅಚ್ಚಾಗುತ್ತದೆ. ಕನ್ನಡ ಸಂಗ್ರಹಕಾರರು ಅದನ್ನು ಯಾಕೋ ಮುಟ್ಟುವುದೇ ಇಲ್ಲ. ನನಗೆ ಅದು ಸರಿ ಕಾಣುವುದಿಲ್ಲ.

ಚಂದಮಾಮನ ಒಂದು ವಿಶೇಷ

ಚಿತ್ರದ ಮುಖಪುಟ ಅಂದ ಕೂಡಲೇ ನಮ್ಮ ಕಡೆ ನೆನಪಾಗುವುದು 'ಚಂದಮಾಮ'. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರ ಜುಲೈನಲ್ಲಿ ಮದ್ರಾಸಿನಿಂದ ತೆಲುಗು, ತಮಿಳಿನಲ್ಲಿ ಶುರುಮಾಡಿದರು. ಕನ್ನಡದ್ದು 1949ರಲ್ಲಿ ಬಂತು. ಮಹಾಭಾರತದ ಪ್ರಸಂಗಗಳನ್ನು ಮುಖಪುಟಕ್ಕೆ ಬರೆದು ಹೆಸರಾದವರು ಕನ್ನಡಿಗರಾದ ಎಂ.ಟಿ.ವಿ. ಆಚಾರ್ಯ. ಬಳಿಕ ವಡ್ಡಾದಿ ಪಾಪಯ್ಯ ಬರೆದರು. ಒಳಗಿನ ಬೇತಾಳ, ಹೆಗಲ ಮೇಲೆ ಶವ ಹೊತ್ತು ಕತ್ತಿ ಹಿಡಿದು ನಡೆಯುವ ವಿಕ್ರಮ, ಅವು ಶಂಕರ್ ಅವರ ಕೈಚಳಕ.

ಸಂಗ್ರಹಕಾರ ಗಮನಿಸಬೇಕಾದದ್ದು ಬೇರೆ. ಚಂದಮಾಮನಲ್ಲಿ ಒಂದು ತಿಂಗಳ ಚಿತ್ರವೇ ಬೇರೆ ಬೇರೆ ಭಾಷೆಯ ಸಂಚಿಕೆಗಳಿಗೂ ಹೋಗುತ್ತಿತ್ತು. ಬದಲಾಗುತ್ತಿದ್ದದ್ದು ಪತ್ರಿಕೆಯ ಹೆಸರು ಮಾತ್ರ. ಕನ್ನಡದಲ್ಲಿ ಚಂದಮಾಮ, ಮಲಯಾಳದಲ್ಲಿ ಅಂಬಿಳಿ ಅಮ್ಮಾವನ್, ತಮಿಳಿನಲ್ಲಿ ಅಂಬುಲಿಮಾಮಾ. ಚಿತ್ರದ ಅಚ್ಚು ಹಾಗೇ ಇಟ್ಟು ಅಕ್ಷರದ್ದೊಂದನ್ನು ಬದಲಾಯಿಸಿದರೆ ಮುಗಿಯಿತು. ನಾಲ್ಕು ಬಣ್ಣದ ದುಬಾರಿ ಕೆಲಸದ ಖರ್ಚು ಎಲ್ಲ ಭಾಷೆಗಳಿಗೂ ಹಂಚಿಹೋಗುತ್ತಿತ್ತು. ಒಂದೇ ಭಾಷೆಯ ಮಾಸಪತ್ರಿಕೆಗೆ ಅಂಥ ಬಣ್ಣ ಯಾಕೆ ಕೈಗೆಟುಕುತ್ತಿರಲಿಲ್ಲ ಅನ್ನುವುದಕ್ಕೆ ಇಲ್ಲಿ ಉತ್ತರವಿದೆ. ಮಂಗಳೂರಿನಲ್ಲಿ ಕೇರಳದ ಕಡೆಯ ಹಳೆ ಪುಸ್ತಕವೂ ಬಂದು ಬೀಳುವುದರಿಂದ ಕನ್ನಡದ್ದು ಹರಿದುಹೋಗಿದ್ದರೆ ಅದೇ ಚಿತ್ರ ಮಲಯಾಳದ ಪ್ರತಿಯಲ್ಲಿ ಸಿಕ್ಕರೂ ಸಿಗಬಹುದು.

ಭೂತಗನ್ನಡಿ ಇಟ್ಟುಕೊಳ್ಳಿ

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಸಣ್ಣ ಭೂತಗನ್ನಡಿ ಸಾಕು. ನನ್ನ ಹತ್ತಿರ ಒಂದು ಹಳೆ ದೀಪಾವಳಿ ವಿಶೇಷಾಂಕ ಇದೆ. ಮುಖಪುಟದಲ್ಲಿ ಹಣತೆ ಹಿಡಿದ ಹೆಂಗಸು. ಬರಿಗಣ್ಣಿಗೆ ಸೀರೆ ಒಂದೇ ಕಡುಕೆಂಪು. ಕನ್ನಡಿಯ ಅಡಿಯಲ್ಲಿ ಅದು ಗುಲಾಬಿ ಚುಕ್ಕೆ, ಹಳದಿ ಚುಕ್ಕೆಗಳಾಗಿ ಒಡೆಯುತ್ತದೆ. ಮಡಿಕೆಯ ನೆರಳಿನಲ್ಲಿ ನೀಲಿ ಚುಕ್ಕೆ ಸೇರಿಕೊಳ್ಳುತ್ತದೆ. ಪ್ರತಿ ಬಣ್ಣದ ಸಾಲು ಬೇರೆ ಕೋನದಲ್ಲಿ ಓರೆಯಾಗಿರುವುದರಿಂದ ಚುಕ್ಕೆಗಳು ಕೂಡಿ ಸಣ್ಣ ಹೂವಿನಂಥ ಆಕಾರ ಕಟ್ಟುತ್ತವೆ. ತುಟಿಯ ಕೆಂಪು ಗೆರೆಯಿಂದ ಕೂದಲೆಳೆಯಷ್ಟು ಬಲಕ್ಕೆ ಜಾರಿದೆ. ಎಡಗಡೆ ಬಿಳಿ ಕಾಗದದ ಸಣ್ಣ ಸೀಳು ಕಾಣುತ್ತದೆ. ಅಂದರೆ ಕೆಂಪು ಬಣ್ಣ ಅಚ್ಚಾಗುವಾಗ ಹಾಳೆ ಸರಿಯಾಗಿ ಕೂತಿರಲಿಲ್ಲ. ಅದೇ ತಿಂಗಳ ಇನ್ನೊಂದು ಪ್ರತಿ ಸಿಕ್ಕರೆ ತುಟಿ ಸರಿಯಾಗಿಯೇ ಇರಬಹುದು.

ಇದನ್ನು ದೋಷ ಅಂತ ಬಿಸಾಡಬೇಡಿ. ನಕಲಿ ಕಂಡುಹಿಡಿಯಲು ಇದೇ ದಾರಿ. ಲೆಟರ್‌ಪ್ರೆಸ್‌ನಲ್ಲಾದ ಅಚ್ಚಿನಲ್ಲಿ ಅಕ್ಷರದ ಅಂಚಿಗೆ ಶಾಯಿ ಒತ್ತಿಹೋಗಿ ಗಾಢವಾದ ಗೆರೆ ಕಟ್ಟಿರುತ್ತದೆ. ಹಾಳೆ ತಿರುಗಿಸಿ ಬೆರಳಾಡಿಸಿದರೆ ಎಷ್ಟೋ ಸಲ ಒತ್ತಿದ ಗುರುತು ಸಿಗುತ್ತದೆ. ಆಫ್‌ಸೆಟ್‌ನಲ್ಲಿ ಶಾಯಿ ತೆಳುವಾಗಿ ಒಂದೇ ಸಮ ಕೂತಿರುತ್ತದೆ, ಹಿಂಬದಿ ನುಣುಪು. ಈಗಿನ ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದ ಪ್ರತಿಯಾದರೆ ಚುಕ್ಕೆಗಳಿಗೆ ಸಾಲೇ ಇರುವುದಿಲ್ಲ, ರಂಗೋಲಿ ಪುಡಿ ಎರಚಿದಂತೆ ಚದುರಿರುತ್ತವೆ. ಇನ್ನೊಂದು ಸುಳಿವು: ಹಳೆ ಅಚ್ಚಿನ ಚುಕ್ಕೆಯ ಮೇಲೆ ಹೊಸ ಚುಕ್ಕೆ ಬಿದ್ದು ಅಲೆಅಲೆಯಾಗಿ ಕಂಡರೆ ಅದು ಹಳೆ ಪ್ರತಿಯನ್ನು ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದ್ದು.

ಇಸವಿ ಎಲ್ಲಿ ಅಡಗಿದೆ?

ಗುಜರಿ ಅಂಗಡಿಯಲ್ಲಿ ಸಿಗುವ ಸಂಚಿಕೆಗೆ ಬಹಳ ಸಲ ಮೂಲೆ ಇರುವುದಿಲ್ಲ. ತಾರೀಕು ಇರುವುದು ಆ ಮೂಲೆಯಲ್ಲೇ. ಒಂದು ಉದಾಹರಣೆ ತಗೊಳ್ಳಿ. ಮುಖಪುಟ ಇದೆ, ತಾರೀಕಿನ ಜಾಗವನ್ನು ಗೆದ್ದಲು ತಿಂದಿದೆ. ಬೆಲೆ 'ನ.ಪೈ.', ಅಂದರೆ ನಯಾ ಪೈಸೆ, ಲೆಕ್ಕದಲ್ಲಿದೆ. ಭಾರತಕ್ಕೆ ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು. ಅದಕ್ಕೆ ಮೊದಲು ಬೆಲೆ ಆಣೆಯಲ್ಲಿ. 1964ರ ಜೂನ್ 1ರಿಂದ 'ನಯಾ' ಬಿಟ್ಟು ಬರೀ ಪೈಸೆ ಆಯಿತು. ಹಾಗಾದರೆ ಈ ಸಂಚಿಕೆ ಆ ಏಳು ವರ್ಷದ ಒಳಗಿನದು. ಬೆಲೆ 37 ನಯಾ ಪೈಸೆ ಅಂತ ಏನಾದರೂ ವಿಚಿತ್ರವಾಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಹಳೆಯ 6 ಆಣೆ ಅಂದರೆ ಮೂವತ್ತೇಳೂವರೆ ನಯಾ ಪೈಸೆ.

ಇನ್ನು ಒಳಗೆ ಬನ್ನಿ. ಯುಗಾದಿ ಸಂಚಿಕೆಯಾಗಿದ್ದು ಸಂಪಾದಕೀಯದಲ್ಲಿ 'ಪ್ಲವ ಸಂವತ್ಸರಕ್ಕೆ ಸ್ವಾಗತ' ಅಂತ ಇದ್ದರೆ ಮುಗಿಯಿತು. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳುತ್ತದೆ. ಪ್ಲವ ಬಂದದ್ದು 1961ರಲ್ಲಿ, ಆಮೇಲೆ 2021ರಲ್ಲಿ. ನಯಾ ಪೈಸೆಯ ಪತ್ರಿಕೆ 2021ರದ್ದು ಆಗಲಾರದು. ಇಸವಿ 1961.

ವಿಳಾಸಗಳೂ ಹೀಗೇ ಬಾಯಿಬಿಡುತ್ತವೆ. ಆರು ಅಂಕಿಯ ಪಿನ್‌ಕೋಡ್ ಕಂಡರೆ ಅದು 1972ರ ಆಗಸ್ಟ್ 15ರ ನಂತರದ್ದು. 'ಬೆಂಗಳೂರು–2' ಅಂತ ಮಾತ್ರ ಇದ್ದರೆ ಹೆಚ್ಚಾಗಿ ಅದಕ್ಕೆ ಹಿಂದಿನದು. 'ಮೈಸೂರು ರಾಜ್ಯ' ಅಂತಿದ್ದರೆ 1973ರ ನವೆಂಬರ್ 1ಕ್ಕೆ ಮೊದಲು. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯದ್ದು ಇನ್ನೂ ಸ್ವಾರಸ್ಯ. 1956ರ ನವೆಂಬರ್ 1ರ ತನಕ ನಾವು ಮದ್ರಾಸಿಗೆ ಸೇರಿದವರು. ಜಾಹೀರಾತಿನಲ್ಲಿ ಉಡುಪಿ ಅಂಗಡಿಯ ವಿಳಾಸ 'ದ.ಕ.' ಅಂತಿದ್ದರೆ ಅದು ಸಾಮಾನ್ಯವಾಗಿ 1997ರ ಆಗಸ್ಟಿಗೆ ಹಿಂದಿನದು, ಉಡುಪಿ ಬೇರೆ ಜಿಲ್ಲೆ ಆದದ್ದು ಆಗಲೇ. ಇದಕ್ಕೆಲ್ಲ ಜಾಹೀರಾತಿನ ಪುಟ ಬೇಕು. ಬೈಂಡರು ಕಿತ್ತು ಬಿಸಾಡುತ್ತಿದ್ದದ್ದು ಅದನ್ನೇ.

ಸಂಪುಟ, ಸಂಚಿಕೆಯ ಸಂಖ್ಯೆ ಇದ್ದರೆ ಲೆಕ್ಕ ಸುಲಭ. ಸುಧಾ 1965ರ ಜನವರಿಯಲ್ಲಿ ಶುರುವಾಯಿತು, ಅದೇ ಸಂಪುಟ 1. ಹಾಗೆ ಎಣಿಸುತ್ತ ಹೋದರೆ ಸಂಪುಟ 10 ಅಂದರೆ 1974. ಆದರೆ ಒಂದು ಕಡೆ ಎಚ್ಚರ. ನೋಂದಣಿ ಸಂಖ್ಯೆಯ ಕೊನೆಗೆ '/57' ಅಂತಿರುತ್ತದೆ. ಹೊಸಬರು ಅದನ್ನೇ ಸಂಚಿಕೆಯ ಇಸವಿ ಅಂದುಕೊಳ್ಳುತ್ತಾರೆ. ಅದು ಪತ್ರಿಕೆ ದೆಹಲಿಯ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ವರ್ಷ. 1980ರ ಸಂಚಿಕೆಯಲ್ಲೂ ಅದೇ ಇರುತ್ತದೆ. ಮಾರುವವರು ಕೆಲವರು ಇದನ್ನೇ ತೋರಿಸಿ ಜಾಸ್ತಿ ಬೆಲೆ ಹೇಳುವುದೂ ಉಂಟು.

ನನಗೆ ಬಹಳ ಇಷ್ಟವಾದದ್ದು ಮಾರ್ಚ್ ಸಂಚಿಕೆ. 1956ರ ನಿಯಮದ ಪ್ರಕಾರ ಪತ್ರಿಕೆಗಳು ಪ್ರತಿ ವರ್ಷ ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ 'ಫಾರಂ 4' ಅಂತ ಒಂದು ಹೇಳಿಕೆ ಹಾಕಬೇಕಿತ್ತು. ಎಲ್ಲಿ ಪ್ರಕಟಣೆ, ಮುದ್ರಕ ಯಾರು, ಪ್ರಕಾಶಕ ಯಾರು, ಸಂಪಾದಕ ಯಾರು, ಮಾಲೀಕ ಯಾರು, ಅವರ ವಿಳಾಸ ಏನು, ಎಲ್ಲ ಅದರಲ್ಲಿ. ಓದುಗರು ಯಾರೂ ಓದದ ಮೂಲೆ ಅದು. ನಿಂತುಹೋದ ಸಣ್ಣ ಪತ್ರಿಕೆಯ ಚರಿತ್ರೆ ಬೇಕಾದರೆ ಅದಕ್ಕಿಂತ ಒಳ್ಳೆ ದಾಖಲೆ ಇಲ್ಲ. ಮಾರ್ಚ್ ಸಂಚಿಕೆಯ ಮುಖಪುಟ ಸುಮಾರಾಗಿದ್ದರೂ ನಾನು ಬಿಡುವುದಿಲ್ಲ.

ಕಲಾವಿದರ ಹೆಸರಿಗೆ ಮೊದಲು ಚಿತ್ರದ ಕೆಳಮೂಲೆ ನೋಡಿ. ಸಹಿ ಇಲ್ಲದಿದ್ದರೆ ಪರಿವಿಡಿಯ ಪುಟಕ್ಕೆ ಹೋಗಿ. ಅಲ್ಲಿ ಸಣ್ಣ ಅಕ್ಷರದಲ್ಲಿ 'ಮುಖಪುಟ:' ಅಂತ ಒಂದು ಸಾಲು ಇರಬಹುದು. ಮುಖಪುಟ ಮಾತ್ರ ಕಿತ್ತು ಇಟ್ಟುಕೊಂಡವರಿಗೆ ಆ ಹೆಸರು ಇನ್ನು ಸಿಗುವುದಿಲ್ಲ.

ಹನ್ನೊಂದರಿಂದ ಶುರುವಾದ ಸಾಲು

ಕಾಮಿಕ್ಸ್ ಕೂಡ ಇದೇ ಹವ್ಯಾಸದ ಪಕ್ಕದ ಮನೆ. 'ಅಮರ ಚಿತ್ರಕಥೆ'ಯನ್ನು 1967ರಲ್ಲಿ ಕಟ್ಟಿದ ಅನಂತ ಪೈ ಹುಟ್ಟಿದ್ದು ನಮ್ಮ ಕಾರ್ಕಳದಲ್ಲಿ, 1929ರಲ್ಲಿ. ಆ ಸಾಲಿನ ಕೃಷ್ಣನ ಕಥೆಗೆ ಸಂಖ್ಯೆ 11. ಹಾಗಾದರೆ ಮೊದಲಿನ ಹತ್ತು ಎಲ್ಲಿ ಅಂತ ಹುಡುಕಾಡುವವರು ಇದ್ದಾರೆ. ಆ ಹತ್ತು ಹೊರದೇಶದ ಕಥೆಗಳ ರೂಪಾಂತರ. ಪುರಾಣದ ಸಾಲು ಶುರುವಾದದ್ದು ಹನ್ನೊಂದರಿಂದ.

ಇಲ್ಲಿ ಇನ್ನೊಂದು ಪಾಠವಿದೆ. ಪತ್ರಿಕೆ ಒಂದು ಸಲ ಅಚ್ಚಾದರೆ ಮುಗಿಯಿತು. ಕಾಮಿಕ್ಸ್ ಹಾಗಲ್ಲ, ಅದೇ ಸಂಖ್ಯೆ, ಅದೇ ಚಿತ್ರದಲ್ಲಿ ಮತ್ತೆ ಮತ್ತೆ ಅಚ್ಚಾಗುತ್ತದೆ. ಸಂಖ್ಯೆ 11 ಕೈಗೆ ಬಂತು ಅಂದ ಮಾತ್ರಕ್ಕೆ ಅದು ಅರುವತ್ತರ ದಶಕದ್ದು ಅಲ್ಲ. ಬೆಲೆ, ಹಿಂಬದಿಯ ಜಾಹೀರಾತು, ವಿಳಾಸದಲ್ಲಿ ಪಿನ್‌ಕೋಡ್ ಇದೆಯಾ ಇಲ್ಲವಾ, ಇವೇ ಹೇಳಬೇಕು.

ಎಲ್ಲಿ ಸಿಗುತ್ತದೆ, ಎಷ್ಟು ಕೊಡಬೇಕು?

ಗುಜರಿಯಲ್ಲಿ ತೂಕಕ್ಕೆ ಸಿಗುತ್ತದೆ. ಅಲ್ಲಿ ನಿಮ್ಮ ಗುರುತು ಇರಬೇಕು, ಫೋನ್ ನಂಬರ್ ಕೊಟ್ಟಿರಬೇಕು. ಇಲ್ಲದಿದ್ದರೆ ಹಳೆ ಪತ್ರಿಕೆಯ ಕಟ್ಟು ಬಂದ ಮರುದಿನವೇ ಲಾರಿ ಹತ್ತುತ್ತದೆ. ಮುಚ್ಚಿದ ಸರ್ಕ್ಯುಲೇಟಿಂಗ್ ಲೈಬ್ರರಿಗಳ ರಾಶಿಯಲ್ಲಿ ಪ್ರತಿ ಸಿಗುತ್ತದೆ, ಆದರೆ ಮುಖಪುಟದ ಮೇಲೆ ಸೀಲು, ನಂಬರು, ಕೆಲವೊಮ್ಮೆ ಅಂಟಿಸಿದ ಕಂದು ಕಾಗದ. ಜಾಗ ಮಾರಿ ಹಳೆ ಮನೆ ಕೆಡವುವಾಗ ಸಿಗುವುದೇ ಒಳ್ಳೆಯದು. ಮುಂಬಯಿಯಲ್ಲಿ ಹೋಟೆಲು, ಮಿಲ್ಲು ಅಂತ ದುಡಿದು ಊರಿಗೆ ಮರಳಿದವರ ಮನೆಗಳಲ್ಲಿ 'ಮೊಗವೀರ'ದಂಥ ಮುಂಬಯಿ ಕನ್ನಡ ಪತ್ರಿಕೆಗಳೂ ಇರುತ್ತವೆ. ಅಂತಹ ಮನೆಗೆ ಹೋದರೆ ಸುಮ್ನೆ ಚಿತ್ರ ಆರಿಸಿ ತರಬೇಡಿ. ಪೂರ್ತಿ ಕಟ್ಟು ಕೇಳಿ. ಬೇಡದ್ದನ್ನು ಆಮೇಲೆ ಬೇರೆಯವರಿಗೆ ಕೊಡಬಹುದು.

ಬೆಲೆಯ ಬಗ್ಗೆ ನನ್ನ ಹತ್ತಿರ ಹೆಚ್ಚು ಹೇಳಲು ಇಲ್ಲ. ಮೊದಲ ಸಂಚಿಕೆ, ವಿಶೇಷಾಂಕ, ಹೆಸರಾದ ಕಲಾವಿದರ ಸಹಿ ಇರುವುದು, ಪೂರ್ತಿ ವರ್ಷದ ಸಾಲು, ಇವಕ್ಕೆ ಬೇಡಿಕೆ. ಹಾಳೆ ಕಾಣೆಯಾಗಿದ್ದರೆ ಬೆಲೆ ಇಳಿಯಬೇಕು. ಮಧ್ಯದ ಹಾಳೆ ಇದೆಯಾ ಅಂತ ಪುಟಸಂಖ್ಯೆ ಎಣಿಸಿಯೇ ಹಣ ಕೊಡಿ. ಕಿತ್ತಿಟ್ಟ ಚಂದದ ಮುಖಪುಟಕ್ಕಿಂತ ಸುಕ್ಕಾದ ಪೂರ್ತಿ ಸಂಚಿಕೆ ಮೇಲು ಅನ್ನುವುದು ನನ್ನ ಮತ.

ನಮ್ಮ ಮಳೆ, ನಮ್ಮ ಅಟ್ಟ

ಕರಾವಳಿಯಲ್ಲಿ ಕಾಗದ ಇಟ್ಟುಕೊಳ್ಳುವುದು ಬಯಲುಸೀಮೆಯಲ್ಲಿ ಇಟ್ಟುಕೊಂಡಂತೆ ಅಲ್ಲ. ಕಾಗದಕ್ಕೆ ಹಿತವಾದದ್ದು ಗಾಳಿಯಲ್ಲಿ ಸುಮಾರು 35ರಿಂದ 50 ಶೇಕಡಾ ತೇವ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆಯೇ ಒಣಗುವುದಿಲ್ಲ. ತೇವ 65ರ ಮೇಲೆ ನಿಂತರೆ ಬೂಷ್ಟು ಹಿಡಿಯಲು ಶುರು.

ಕಾಗದ ತಾನಾಗಿಯೇ ಸಾಯುವುದೂ ಉಂಟು. ಒಳಪುಟಗಳ ಅಗ್ಗದ ಕಾಗದದಲ್ಲಿ ಮರದ ನಾರನ್ನು ಬಿಗಿದಿಡುವ ಲಿಗ್ನಿನ್ ಎಂಬ ಅಂಶ ಹಾಗೇ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದಾಗ ಅದು ಹಳದಿಯಾಗುತ್ತದೆ, ಆಮ್ಲ ಹುಟ್ಟುತ್ತದೆ, ಹಾಳೆ ಹಪ್ಪಳದಂತೆ ಮುರಿಯುತ್ತದೆ. ಮುಖಪುಟದ ಕಾಗದ ಬಹಳ ಸಲ ಇದಕ್ಕಿಂತ ಉತ್ತಮ. ಆದರೆ ಅದಕ್ಕೆ ಬೇರೆ ಶತ್ರು: ಪಿನ್ನು. ಬೆನ್ನಿನ ಕಬ್ಬಿಣದ ಪಿನ್ನು ಉಪ್ಪುಗಾಳಿಗೆ ತುಕ್ಕು ಹಿಡಿದು ಸುತ್ತಲಿನ ಕಾಗದವನ್ನು ಸುಟ್ಟುಹಾಕುತ್ತದೆ. ಮುಖಪುಟ ಕಳಚಿ ಬೀಳುವುದು ಅಲ್ಲಿಂದಲೇ. ತುಕ್ಕು ಕಂಡರೆ ಪಿನ್ನನ್ನು ಎಳೆಯಬೇಡಿ. ನಡುಪುಟ ತೆರೆದು ಕಾಲುಗಳನ್ನು ತೆಳುವಾದ ಚಾಕುವಿನಿಂದ ಮೆಲ್ಲಗೆ ನೆಟ್ಟಗೆ ಮಾಡಿ, ಹಿಂದಿನಿಂದ ಜಾರಿಸಿ ತೆಗೆಯಿರಿ. ಹಳೆ ತೂತಿನಲ್ಲೇ ಹತ್ತಿ ನೂಲು ಹಾಕಿ ಕಟ್ಟಿದರೆ ಸಾಕು.

ಅಟ್ಟದಲ್ಲಿ ಇಡಬೇಡಿ. ಬೇಸಿಗೆಯಲ್ಲಿ ಹಂಚಿನ ಕೆಳಗೆ ಬೆಂಕಿ, ಮಳೆಗಾಲದಲ್ಲಿ ಒಂದು ಹಂಚು ಜರುಗಿದರೆ ಸೋರಿಕೆ. ಮಂಗಳೂರಿಗೆ ಅಚ್ಚುಕೂಟ ತಂದ ಬಾಸೆಲ್ ಮಿಷನ್ನೇ 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆಯಿತು. ನಮ್ಮ ಕಾಗದ, ಅದರ ಮೇಲೆ ಸೋರುವ ಮಾಡು, ಎರಡರ ಚರಿತ್ರೆಯೂ ಒಂದೇ ಕಡೆಯಿಂದ ಬಂದದ್ದು. ಪಶ್ಚಿಮದ ಗೋಡೆಗೆ ತಾಗಿದ ಕಪಾಟೂ ಬೇಡ, ಮಳೆ ಹೊಡೆಯುವುದು ಅದಕ್ಕೇ. ಗೋಡೆಯಿಂದ ನಾಲ್ಕು ಬೆರಳು ಬಿಟ್ಟು, ನೆಲದಿಂದ ಮೇಲೆ, ಮಲಗಿಸಿ ಇಡಿ. ಸಣ್ಣ ಕಟ್ಟು ಮಾಡಿ. ಗೆದ್ದಲಿನ ಮಣ್ಣಿನ ಗೆರೆ ಬಂದಿದೆಯಾ ಅಂತ ಕಪಾಟಿನ ಹಿಂದೆ ಆಗಾಗ ಟಾರ್ಚು ಹಾಕಿ ನೋಡಿ. ಕಾಗದ ತಿನ್ನುವ ಬೆಳ್ಳಿ ಬಣ್ಣದ ಸಣ್ಣ ಹುಳಕ್ಕೆ ಬೆನ್ನಿನ ಮೈದಾ ಅಂಟು ಅಂದರೆ ಪ್ರಾಣ.

ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಬಹುದು. ಪೊಟ್ಟಣ ಮಳೆಗಾಲದಲ್ಲಿ ಬೇಗ ನೀರು ಹೀರಿ ಸೋಲುತ್ತದೆ, ಬಿಸಿ ಮಾಡಿ ಒಣಗಿಸುತ್ತಿರಬೇಕು. ಅದನ್ನು ಮರೆಯುವವರಾದರೆ ಡಬ್ಬಿ ಮುಚ್ಚದಿರುವುದೇ ಲೇಸು, ಒಳಗೆ ಸಿಕ್ಕಿಬಿದ್ದ ತೇವ ಹೊರಗಿನ ತೇವಕ್ಕಿಂತ ಕೆಟ್ಟದ್ದು. ಡಿಸೆಂಬರ್, ಜನವರಿಯ ಒಣ ದಿನಗಳಲ್ಲಿ ಎಲ್ಲ ಹೊರತೆಗೆದು ನೆರಳಿನಲ್ಲಿ ಗಾಳಿಗೆ ಇಡಿ. ಬಿಸಿಲಿಗೆ ಬೇಡ, ಬಣ್ಣ ಹಾರುತ್ತದೆ. ಗುಜರಿಯಿಂದ ತಂದ ಹೊಸ ಕಟ್ಟನ್ನು ನೇರ ಕಪಾಟಿಗೆ ಸೇರಿಸಬೇಡಿ. ಹುಳದ ಅನುಮಾನ ಇದ್ದರೆ ಗಾಳಿಯಾಡದ ಚೀಲದಲ್ಲಿ ಸುತ್ತಿ ಎರಡು ವಾರ ಫ್ರೀಜರಿನಲ್ಲಿಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ಬೆವರುತ್ತದೆ.

ಲ್ಯಾಮಿನೇಶನ್ ಮಾತ್ರ ಮಾಡಿಸಲೇಬೇಡಿ. ಬಿಸಿಯಿಂದ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡಿಸಲು ಬರುವುದಿಲ್ಲ, ಒಳಗಿನ ಆಮ್ಲ ಒಳಗೇ ಕೆಲಸ ಮಾಡುತ್ತದೆ. ಸೆಲ್ಲೋಟೇಪ್ ಕೂಡ ಬೇಡ. ಕೆಲವೇ ವರ್ಷದಲ್ಲಿ ಟೇಪು ಉದುರಿ, ಕಂದು ಕಲೆ ಕಾಗದದಲ್ಲಿ ಇಳಿದಿರುತ್ತದೆ. ಚೀಲ ಕೊಳ್ಳುವಾಗ ವಾಸನೆ ಬರುವ ಮೆತ್ತನೆ ಪಿವಿಸಿ ಬಿಟ್ಟು ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕೇಳಿ. ನುಸಿಗುಳಿಗೆ ಕಾಗದಕ್ಕೆ ತಾಗಬಾರದು.

ಸ್ಕ್ಯಾನ್ ಮಾಡಿ ಹಂಚಬಹುದಾ?

ಹಾಳಾಗುವ ಮೊದಲು ಸ್ಕ್ಯಾನ್ ಮಾಡಿ ಇಟ್ಟುಕೊಳ್ಳುವುದು ಒಳ್ಳೆಯದು. ಮುಖಪುಟ 600 ಡಿಪಿಐ (ಇಂಚಿಗೆ ಅಷ್ಟು ಚುಕ್ಕೆ), ಒಳಪುಟ 300 ಸಾಕು. ಬೆನ್ನು ಮುರಿಯುವಷ್ಟು ಒತ್ತಬೇಡಿ. ಹಳೆ ಸಂಚಿಕೆ ತೆರೆಯದಿದ್ದರೆ ಮೇಲಿನಿಂದ ಫೋಟೊ ತೆಗೆಯಿರಿ.

ಅದನ್ನು ಎಲ್ಲೆಂದರಲ್ಲಿ ಹಾಕುವುದು, ಟೀ ಶರ್ಟಿನ ಮೇಲೆ, ಪೋಸ್ಟರಿನ ಮೇಲೆ ಅಚ್ಚು ಹಾಕಿಸಿ ಮಾರುವುದು ಬೇರೆ ವಿಷಯ. ಪತ್ರಿಕೆಯ ಪ್ರತಿ ನಿಮ್ಮದು, ಚಿತ್ರದ ಹಕ್ಕು ನಿಮ್ಮದಲ್ಲ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಚಿತ್ರದ ಹಕ್ಕು ಕಲಾವಿದ ಬದುಕಿರುವ ತನಕ, ತೀರಿಕೊಂಡ ಮುಂದಿನ ಜನವರಿಯಿಂದ 60 ವರ್ಷ. ಚಿತ್ರಕಾರ ಪತ್ರಿಕೆಯ ಸಂಬಳದ ನೌಕರನಾಗಿದ್ದರೆ ಅದನ್ನು ಪತ್ರಿಕೆಯಲ್ಲಿ ಪ್ರಕಟಿಸುವ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ಮಾಲೀಕರದು. ಉಳಿದ ಹಕ್ಕು ಚಿತ್ರಕಾರನದು. ಹಕ್ಕು ಯಾರದ್ದಾದರೂ ಅವಧಿ ಎಣಿಸುವುದು ಕಲಾವಿದನ ಸಾವಿನಿಂದಲೇ. ಚಂದಮಾಮದ ಶಂಕರ್ ತೀರಿಕೊಂಡದ್ದು 2020ರಲ್ಲಿ. ಅವರು ಎಷ್ಟೋ ಹಿಂದೆ ಬರೆದ ಬೇತಾಳಕ್ಕೂ 2080ರ ಕೊನೆಯ ತನಕ ರಕ್ಷಣೆ ಇದೆ. ಚಿತ್ರ ಹಳೆಯದು, ಪತ್ರಿಕೆ ನಿಂತುಹೋಗಿದೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

ಸಹಿ ಇಲ್ಲದ, ಯಾರು ಬರೆದರೆಂದು ಎಲ್ಲೂ ಹೇಳದ ಚಿತ್ರಕ್ಕೆ ಲೆಕ್ಕ ಬೇರೆ, ಪ್ರಕಟವಾದ ಮುಂದಿನ ಜನವರಿಯಿಂದ 60 ವರ್ಷ. ಮೇಲೆ ಹೇಳಿದ ಪ್ಲವದ ಸಂಚಿಕೆಯ ಮುಖಪುಟದಲ್ಲಿ ಹೆಸರಿಲ್ಲದಿದ್ದರೆ ಅದು 2022ರ ಜನವರಿ 1ರಿಂದ ಎಲ್ಲರದ್ದು. ಆ 60 ವರ್ಷ ಮುಗಿಯುವ ಮೊದಲೇ ಕಲಾವಿದನ ಹೆಸರು ಬಹಿರಂಗವಾಗಿದ್ದರೆ ಮತ್ತೆ ಅವರ ಸಾವಿನಿಂದಲೇ ಎಣಿಕೆ. ಹಾಗಾಗಿ ಏನನ್ನಾದರೂ ಅಚ್ಚು ಹಾಕಿಸುವ ಮೊದಲು ಕೆಳಮೂಲೆ ಒಂದು ಸಲ, ಪರಿವಿಡಿಯ ಪುಟ ಒಂದು ಸಲ ನೋಡಿಬಿಡಿ.